ಅಮ್ಮನಿಗೆ ಕಾಯಿಲೆಯ ಹೆಸರು ಹೇಳಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ

ತುಮಕೂರಿನ ಮಗಳು (ಪ್ರಶ್ನೆ):
ನನ್ನ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದು 11 ದಿನಗಳಾದವು. ಅವರಿಗೆ ಮಾತ್ರ ‘ಗಂಟು, ಔಷಧಿಯಿಂದ ಕರಗುತ್ತದೆ’ ಎಂದು ಹೇಳಿದ್ದೇವೆ. ಬರುವ ಸೋಮವಾರ ಮೊದಲ ಕಿಮೋ ಇದೆ. ಹೇಳಲೇಬೇಕು ಎಂದು ನಾನು, ಹೇಳಿದರೆ ಅಮ್ಮ ಕುಸಿದುಹೋಗುತ್ತಾರೆ ಎಂದು ಅಣ್ಣ, ಹೀಗೆ ನಾವಿಬ್ಬರೂ ಮಾತು ಬಿಟ್ಟು ನಾಲ್ಕು ದಿನಗಳಾಗಿವೆ. ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಚಿಕಿತ್ಸೆಯ ವಿಷಯವನ್ನು ವೈದ್ಯರು ವಿವರಿಸಿದ್ದಾರೆ. ನಾನು ಕೇಳುತ್ತಿರುವುದು ಮನೆಯವರ ಮನಸ್ಸಿನ ವಿಷಯ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಹಾಸನದ ಹಿರಿಯ ಮಗ:
ಹೇಳಬೇಡಿ. ನನ್ನ ತಂದೆಯವರಿಗೆ 2019ರಲ್ಲಿ ಅನ್ನನಾಳದ ಕ್ಯಾನ್ಸರ್ ಬಂದಾಗ ಅವರಿಗೆ 67 ವರ್ಷ. 14 ತಿಂಗಳು ‘ಅನ್ನನಾಳದ ಹುಣ್ಣು’ ಎಂದೇ ನಂಬಿಸಿದೆವು. ಕಿದ್ವಾಯಿಗೆ ಕರೆದುಕೊಂಡು ಹೋಗಲಿಲ್ಲ, ಏಕೆಂದರೆ ಕಿದ್ವಾಯಿ ಎಂದರೆ ಯಾವ ಕಾಯಿಲೆ ಎಂಬುದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು, ಆ ಗೇಟಿನ ಮುಂದೆ ಆಟೊ ನಿಂತರೆ ಹೇಳಿದಂತೆಯೇ ಆಗುತ್ತಿತ್ತು. ಆದ್ದರಿಂದ ಎಲ್ಲ ಕಾಯಿಲೆಗಳನ್ನೂ ನೋಡುವ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆ. ಪೆಟ್ ಸ್ಕ್ಯಾನ್‌ಗೆ 19,500, ರೇಡಿಯೇಷನ್‌ಗೆ 2,85,000, ಪ್ರತಿ ಕಿಮೋಗೆ 31,000ದಿಂದ 34,000, ಬಿಳಿ ರಕ್ತಕಣ ಇಳಿದಾಗಲೆಲ್ಲ ಮೂರು ದಿನ ಇಂಜೆಕ್ಷನ್, ಅದಕ್ಕೆ ಬೇರೆ ಬಿಲ್ಲು. ಒಟ್ಟು 9,62,000 ಖರ್ಚಾಯಿತು, ಒಂದೂವರೆ ಎಕರೆ ತೆಂಗಿನ ತೋಟ ಹೋಯಿತು. ಫೈಲಿನ ಮೇಲಿನ ಚೀಟಿಯನ್ನು ನಾನೇ ಬ್ಲೇಡಿನಿಂದ ಕೆರೆದು ತೆಗೆದೆ. ನೋಡಲು ಬರುವ ಪ್ರತಿಯೊಬ್ಬ ನೆಂಟರನ್ನೂ ಬೀದಿಯ ತುದಿಯಲ್ಲೇ ತಡೆದು ನಿಲ್ಲಿಸಿ, ಏನು ಮಾತನಾಡಬೇಕು, ಏನು ಮಾತನಾಡಬಾರದು ಎಂದು ಹೇಳಿಕೊಟ್ಟು ಒಳಗೆ ಕಳುಹಿಸುತ್ತಿದ್ದೆ. ಕೊನೆಯ ದೀಪಾವಳಿಯಲ್ಲಿ ತಂದೆಯವರು ಮುಂದಿನ ವರ್ಷದ ಶುಂಠಿ ಬೆಳೆಯ ಮಾತನಾಡಿದರು. ಆ ಮಾತಿಗಾಗಿ ಇನ್ನೊಂದು ತೋಟವನ್ನು ಬೇಕಾದರೂ ಮಾರುತ್ತಿದ್ದೆ.

ಧಾರವಾಡದ ಶಿಕ್ಷಕಿ:
ಮೇಲಿನವರು ಹೇಳಿದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ನನ್ನ ಯಜಮಾನರಿಗೆ 46ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ವರದಿ ಬಂದ ದಿನವೇ ಹೇಳಿದೆ. ಒಂಬತ್ತು ದಿನ ಅವರು ನನ್ನೊಡನೆ ಮಾತನಾಡಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಎಲ್ಲ ಖಾತೆಗಳ ನಾಮಿನಿ ಸರಿಪಡಿಸಿ, ಮನೆ ಸಾಲದ ಕಾಗದಗಳನ್ನು ಒಂದೇ ಕವರಿನಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಮುಂಬೈಯ ಟಾಟಾ ಆಸ್ಪತ್ರೆಗೆ 13 ಸಲ ಹೋಗಿ ಬಂದೆವು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿ ಟಿಕೆಟ್ ಪೂರ್ತಿ ಉಚಿತ, ಜೊತೆಗಾರರಿಗೆ ನೂರಕ್ಕೆ 75 ರಿಯಾಯಿತಿ. ಆದರೆ ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಅದರಲ್ಲಿ ಕಾಯಿಲೆಯ ಹೆಸರು ಇರುತ್ತದೆ. ಮುಚ್ಚಿಟ್ಟವರು ಆ ಕಾಗದವನ್ನು ಯಾರಿಗೆ ತೋರಿಸುತ್ತಾರೆ? ದಾದರ್‌ನ ಗಾಡಗೆ ಮಹಾರಾಜ್ ಧರ್ಮಶಾಲೆಯಲ್ಲಿ ಉಳಿದುಕೊಂಡಾಗ ಅಲ್ಲಿದ್ದವರೆಲ್ಲರೂ ನಮ್ಮಂಥವರೇ. ರಾತ್ರಿ ಚಪಾತಿ ತಿನ್ನುತ್ತ ಸೋಲಾಪುರದ ಒಬ್ಬರು ತಮ್ಮ ಹೊಟ್ಟೆಯ ಮೇಲಿನ ಮಲದ ಚೀಲವನ್ನು ಹೇಗೆ ತೊಳೆದುಕೊಳ್ಳಬೇಕೆಂದು ನನ್ನ ಯಜಮಾನರಿಗೆ ತೋರಿಸಿಕೊಟ್ಟರು. ನಮಗೆ ಸಿಕ್ಕ ದೊಡ್ಡ ಆಸರೆ ಅದು. ಹೆಸರನ್ನೇ ಮುಚ್ಚಿಟ್ಟಿದ್ದರೆ ಆ ಸ್ನೇಹಿತರು ಅವರಿಗೆ ಸಿಗುತ್ತಿರಲಿಲ್ಲ.

ಆದರೆ ಎಂಟು ವರ್ಷದ ಮಗಳಿಗೆ ಹೇಳದೆ ನಾನೇ ತಪ್ಪು ಮಾಡಿದೆ. ಅತ್ತೆಯವರು ಮಗನ ತಟ್ಟೆ ಲೋಟಗಳನ್ನು ಬೇರೆ ಇಟ್ಟದ್ದನ್ನು ನೋಡಿ ಅವಳು ಇದು ಅಂಟುರೋಗವೆಂದು ತಿಳಿದು ಮೂರು ತಿಂಗಳು ಅಪ್ಪನ ತೊಡೆಯ ಮೇಲೆ ಕೂರಲಿಲ್ಲ. ಕಾರಣ ನಮಗೆ ತಿಳಿದದ್ದು ಅವಳ ತರಗತಿಯ ಶಿಕ್ಷಕಿ ಫೋನು ಮಾಡಿದಾಗ. ಹಾಸನದ ಸರ್, ನಿಮ್ಮ ತಂದೆಯವರಿಗೆ ಎಲ್ಲವೂ ಗೊತ್ತಿತ್ತು. ನಿಮಗಾಗಿ ಅವರು ಗೊತ್ತಿಲ್ಲದವರಂತೆ ನಟಿಸಿದರು.

ಹಾಸನದ ಹಿರಿಯ ಮಗ:
ಮೇಡಂ, ನನ್ನ ತಂದೆಯವರನ್ನು ನೀವು ನೋಡಿದವರಲ್ಲ. ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ತೀರ್ಪು ಕೊಡುವ ಅಧಿಕಾರ ನಿಮಗಿಲ್ಲ. ಒಂಬತ್ತು ದಿನ ಮಾತೇ ಆಡದಂತೆ ಒಬ್ಬ ಮನುಷ್ಯನನ್ನು ಮಾಡಿದ್ದನ್ನು ಸಾಧನೆಯೆಂಬಂತೆ ಬರೆದಿದ್ದೀರಿ.

ಧಾರವಾಡದ ಶಿಕ್ಷಕಿ:
ಇದೇ ಮಾತನ್ನು ನನ್ನ ಅತ್ತೆಯವರು ವರ್ಷಾಂತಿಕದ ದಿನ ಎಲೆಯ ಮುಂದೆ ಕುಳಿತವರೆಲ್ಲರೂ ಕೇಳುವಂತೆ ಹೇಳಿದರು. ‘ನನ್ನ ಮಗನನ್ನು ಕೊಂದದ್ದು ರೋಗವಲ್ಲ, ನಿನ್ನ ಬಾಯಿ’ ಎಂದರು. ಅದಾಗಿ ನಾಲ್ಕು ವರ್ಷಗಳಾದವು, ನೀವೂ ಅದನ್ನೇ ಹೇಳುತ್ತಿದ್ದೀರಿ.

ಮಂಡ್ಯದ ಸೊಸೆ:
ಹೇಳುವುದೋ ಬಿಡುವುದೋ ಎಂದು ಇಬ್ಬರೂ ಜಗಳವಾಡುತ್ತಿದ್ದೀರಿ. ರೋಗಿಯ ಬಳಿ ರಾತ್ರಿ ಕುಳಿತವರ ಗತಿ ಏನಾಯಿತು ಎಂದು ಯಾರೂ ಬರೆಯಲಿಲ್ಲ. ನನ್ನ ಮಾವನವರಿಗೆ ಬಾಯಿಯ ಕ್ಯಾನ್ಸರ್. ಮೂಗಿನ ಕೊಳವೆಯಲ್ಲಿ ಎರಡು ಗಂಟೆಗೊಮ್ಮೆ 200 ಮಿಲಿ ಆಹಾರ ಕೊಡಬೇಕಿತ್ತು. ರಾಗಿ ಗಂಜಿಯನ್ನು ಎರಡು ಸಲ ಬಟ್ಟೆಯಲ್ಲಿ ಸೋಸದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಒಮ್ಮೆ ಹಾಗೆ ಕಟ್ಟಿಕೊಂಡು, ಹೊಸ ಕೊಳವೆ ಹಾಕಿಸಲು ರಾತ್ರಿ 11 ಗಂಟೆಗೆ ಬಾಡಿಗೆ ಕಾರಿಗೆ 2,800 ಕೊಟ್ಟು ಮೈಸೂರಿಗೆ ಹೋದೆವು. ಆ ರಾತ್ರಿ ನಾದಿನಿ ಫೋನಿನಲ್ಲಿ ಕೇಳಿದ್ದು ‘ಸರಿಯಾಗಿ ಸೋಸಿರಲಿಲ್ಲವೇ?’ ಎಂದು ಮಾತ್ರ. ಏಳು ತಿಂಗಳಲ್ಲಿ ಅವರು ಬಂದದ್ದು ಮೂರು ಸಲ. ಪ್ರತಿ ಸಲವೂ ಕೊಳವೆಯಲ್ಲಿ ಊಟ ಮಾಡುವವರಿಗೆ ಸೇಬುಹಣ್ಣು ತಂದರು.

ನನಗೆ ನಿದ್ರೆಯೇ ಬಾರದಂತಾಯಿತು, ಹಾಲು ಉಕ್ಕಿದರೂ ಅಳು ಬರುತ್ತಿತ್ತು. ಆಪ್ತ ಸಮಾಲೋಚಕರ ಬಳಿ ನಾಲ್ಕು ಸಲ ಹೋದೆ, 45 ನಿಮಿಷಕ್ಕೆ 1,200ರಂತೆ 4,800 ಆಯಿತು. ಐದನೆಯ ಸಲಕ್ಕೆ ದುಡ್ಡು ಕೇಳಿದಾಗ ಮನೆಯಲ್ಲಿ ಜಗಳವಾಯಿತು. ಆಮೇಲೆ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡತೊಡಗಿದೆ. ಅದು 2022ರಲ್ಲಿ ಆರಂಭವಾದ, ಮನಸ್ಸಿನ ಕಷ್ಟ ಹೇಳಿಕೊಳ್ಳುವವರಿಗಾಗಿ ಇರುವ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ, ನಡುರಾತ್ರಿಯಲ್ಲೂ ಮಾಡಬಹುದು. ಕೊಟ್ಟಿಗೆಯ ಹಿಂದೆ ನಿಂತು ಮಾತನಾಡುತ್ತಿದ್ದೆ.

ಶಿವಮೊಗ್ಗದವರು:
ಯಾರೋ ಗೊತ್ತಿಲ್ಲದವರಿಗೆ ಫೋನು ಮಾಡಿ ಅಳುವುದು ನಮ್ಮ ಪದ್ಧತಿಯಲ್ಲ. ನನ್ನ ಅಕ್ಕನಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಂದಾಗ ಕೇರಿಯ ಹೆಂಗಸರೆಲ್ಲ ಸರದಿಯ ಮೇಲೆ ಅಡುಗೆ ಮಾಡಿ ತಂದರು, ಮನೆದೇವರಿಗೆ ಹರಕೆ ಹೊತ್ತೆವು, ನಾಟಿ ವೈದ್ಯರು ಕೊಟ್ಟ ಮರದ ಚಕ್ಕೆಯ ಕಷಾಯವನ್ನೂ ಏಳು ವಾರ ಕೊಟ್ಟೆವು. ಮನಸ್ಸಿಗೆ ಧೈರ್ಯ ಬಂದದ್ದು ಅದರಿಂದಲೇ.

ಮಂಡ್ಯದ ಸೊಸೆ:
ಏಳು ವಾರ ಕಷಾಯ ಕೊಟ್ಟಾಗ ರೇಡಿಯೇಷನ್ ನಡೆಯುತ್ತಿತ್ತೇ, ನಿಂತಿತ್ತೇ? ಮೊದಲು ಅದನ್ನು ಬರೆಯಿರಿ.

ಶಿವಮೊಗ್ಗದವರು:
ನಿಂತಿತ್ತು. ಆ ವಿಷಯವನ್ನು ನಾನೂ ದಿನಾ ಯೋಚಿಸುತ್ತೇನೆ, ನೀವು ಕೆದಕುವ ಅಗತ್ಯವಿರಲಿಲ್ಲ. ಊಟ ತಂದುಕೊಟ್ಟ ನೆರೆಯವರ ಬಗ್ಗೆ ಹೇಳಿದ್ದನ್ನು ಮಾತ್ರ ನಾನು ಹಿಂತೆಗೆದುಕೊಳ್ಳುವುದಿಲ್ಲ.

ಬೆಂಗಳೂರಿನ ಕಿರಿಯ ಮಗ:
ನನ್ನ ತಾಯಿಯ ಕೊನೆಯ 19 ದಿನಗಳು ಕರುಣಾಶ್ರಯದಲ್ಲಿ ಕಳೆದವು. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ, 1999ರಿಂದ ಇರುವ ಜಾಗ ಅದು. ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಅದಕ್ಕೂ ಮೊದಲಿನ ಆಸ್ಪತ್ರೆಯಲ್ಲಿ ನೋವಿನಿಂದ ಕೂಗುತ್ತಿದ್ದ ಅಮ್ಮ, ಅಲ್ಲಿ ನೋವಿನ ಔಷಧಿ ಮಾರ್ಫಿನ್‌ನ ಪ್ರಮಾಣ ಸರಿಹೊಂದಿದ ಮೂರನೆಯ ದಿನ, ತಲೆಗೆ ಎಣ್ಣೆ ಹಚ್ಚು ಎಂದು ಕೇಳಿದರು. ಅಲ್ಲಿನವರು ನಮ್ಮ ಮೂವರು ಅಣ್ಣತಮ್ಮಂದಿರನ್ನು ಕೂರಿಸಿಕೊಂಡು, ಕೊನೆಯ ದಿನಗಳಲ್ಲಿ ಉಸಿರಾಟದ ಸದ್ದು ಹೇಗೆ ಬದಲಾಗುತ್ತದೆ, ಕೈಕಾಲು ಏಕೆ ತಣ್ಣಗಾಗುತ್ತವೆ, ಆಗ ಬಲವಂತವಾಗಿ ನೀರು ಕುಡಿಸಬಾರದು ಏಕೆ ಎಂದು ಒಂದೊಂದಾಗಿ ಹೇಳಿದರು. ಆದ್ದರಿಂದ ಆ ರಾತ್ರಿ ನಾವು ಗಾಬರಿಯಿಂದ ಓಡಾಡದೆ ಅಮ್ಮನ ಕೈ ಹಿಡಿದು ಕುಳಿತಿದ್ದೆವು. ‘ಸಾಯಲು ಬಿಟ್ಟು ಬಂದ ಮಗ’ ಎಂದು ಸೋದರಮಾವ ಇಂದಿಗೂ ನನ್ನ ಮನೆಗೆ ಕಾಲಿಡುವುದಿಲ್ಲ.

ಹಾಸನದ ಹಿರಿಯ ಮಗ:
ಆ ಹೆಣ್ಣುಮಗಳ ತಾಯಿಗೆ ಇನ್ನೂ ಮೊದಲ ಕಿಮೋ ಆಗಿಲ್ಲ. ಇಲ್ಲಿ ಕೊನೆಯ ಉಸಿರಿನ ಮಾತನ್ನು ಏಕೆ ತಂದಿರಿ? ಸ್ತನ ಕ್ಯಾನ್ಸರ್‌ನಿಂದ ಗುಣವಾಗಿ ವರ್ಷಾನುಗಟ್ಟಲೆ ಚೆನ್ನಾಗಿರುವವರು ಎಷ್ಟೋ ಜನರಿದ್ದಾರೆ.

ಬೆಂಗಳೂರಿನ ಕಿರಿಯ ಮಗ:
ನಿಮ್ಮ ಮಾತು ಸರಿ, ತಂಗಿಯವರು ಕ್ಷಮಿಸಬೇಕು. ಆದರೆ ಸೋದರಮಾವನ ಮಾತಿಗೆ ಉತ್ತರಿಸಲು ನನಗೆ ಬೇರೆ ಜಾಗವಿರಲಿಲ್ಲ.

ತುಮಕೂರಿನ ಮಗಳು:
ಎಲ್ಲರಿಗೂ ನಮಸ್ಕಾರ. ಅಣ್ಣನಿಗೆ ಇದೆಲ್ಲವನ್ನೂ ಕಳುಹಿಸಿದ್ದೆ. ಹಾಸನದ ಸರ್ ಬರೆದದ್ದನ್ನು ಎರಡು ಸಲ ಓದಿದನಂತೆ. ನೆಂಟರನ್ನು ಬೀದಿಯ ತುದಿಯಲ್ಲಿ ನಿಲ್ಲಿಸುವುದು ತನ್ನಿಂದಾಗದು ಎಂದು, ನಾಲ್ಕು ದಿನಗಳ ನಂತರ ಅವನಾಗಿಯೇ ಫೋನು ಮಾಡಿದ. ನಿನ್ನೆ ರಾತ್ರಿ ಅಮ್ಮ ‘ಈ ಔಷಧಿಗೆ ಕೂದಲು ಉದುರುತ್ತದೆಯಂತೆ, ಹೌದೇ?’ ಎಂದು ನನ್ನನ್ನು ಕೇಳಿದರು. ಮೊದಲ ಕಿಮೋ ಆದ ಎರಡು ಮೂರು ವಾರಗಳಲ್ಲಿ ಉದುರುತ್ತದೆ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರುತ್ತದೆ ಎಂದೆ. ಅವರು ಮುಂದೆ ಏನನ್ನೂ ಕೇಳಲಿಲ್ಲ. ಇನ್ನೂ ಎಷ್ಟು ತಿಳಿಯಬೇಕು ಎಂಬುದನ್ನು ಅಮ್ಮನನ್ನೇ ಕೇಳೋಣ ಎಂದು ಅಣ್ಣ ಭಾನುವಾರ ಬರುತ್ತಿದ್ದಾನೆ.

ಧಾರವಾಡದ ಶಿಕ್ಷಕಿ:
ಕೇಳುವಾಗ ಟಿ.ವಿ. ಆರಿಸಿ, ಅಮ್ಮನ ಪಕ್ಕದಲ್ಲಿ ಕುಳಿತು ಕೇಳಿ. ನಾನು ನಿಂತುಕೊಂಡು ಹೇಳಿದ್ದೆ.

ಮಂಡ್ಯದ ಸೊಸೆ:
ಅಪ್ಪ ಊಟ ಬಿಟ್ಟಿದ್ದಾರೆ ಎಂದು ಬರೆದಿದ್ದಿರಿ, ನಾವು ಯಾರೂ ಅದಕ್ಕೆ ಉತ್ತರಿಸಲಿಲ್ಲ. ಸೋಮವಾರ ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ನಮ್ಮ ಅತ್ತೆಯವರನ್ನು ‘ನಿಮಗೇಕೆ ಆಯಾಸ’ ಎಂದು ಪ್ರತಿ ಸಲವೂ ಬಿಟ್ಟು ಹೋಗುತ್ತಿದ್ದೆವು. ನಾವು ಬರುವವರೆಗೂ ಅವರು ಒಲೆ ಹಚ್ಚದೆ ಜಗುಲಿಯಲ್ಲಿ ಕುಳಿತಿರುತ್ತಿದ್ದರಂತೆ, ಪಕ್ಕದ ಮನೆಯವರು ಹೇಳಿದ ಮೇಲೆ ನಮಗೆ ಗೊತ್ತಾಯಿತು. ಫೈಲು ಹಿಡಿದುಕೊಳ್ಳುವ ಕೆಲಸವನ್ನು ಅಪ್ಪನಿಗೆ ಕೊಡಿ. ಕಿಮೋ ಹನಿಯುವಾಗ ಮಧ್ಯಾಹ್ನವಾಗುತ್ತದೆ, ಇಬ್ಬರಿಗೂ ಸಾಲುವಷ್ಟು ಮೊಸರನ್ನವನ್ನು ಒಂದೇ ಡಬ್ಬಿಯಲ್ಲಿ ಕಟ್ಟಿ.