‘ಚೆಕ್’ ಪದಕ್ಕೆ ಕನ್ನಡ: ಇವತ್ತೇ ಬೇಕು

ಒಂದು ಅರ್ಜಿ ನಮೂನೆಯ ಅನುವಾದ ಮಾಡುತ್ತಿದ್ದೇನೆ, ಸಂಜೆಯೊಳಗೆ ಕಳಿಸಬೇಕು. ಒಂದೇ ಪುಟದಲ್ಲಿ ನಾಲ್ಕು ಸಲ ‘ಚೆಕ್’ ಬಂದಿದೆ. ಹೆಸರು ಚೆಕ್ ಮಾಡಿ, ಬಾಕ್ಸ್ ಚೆಕ್ ಮಾಡಿ, ಚೆಕ್ ಲಗತ್ತಿಸಿ, ಖರ್ಚು ಚೆಕ್‌ನಲ್ಲಿಡಿ.

ಎಲ್ಲಕ್ಕೂ ‘ಪರಿಶೀಲಿಸಿ’ ಹಾಕಿ ಅಂತ ಒಬ್ಬರು ಹೇಳಿದರು. ಆಗಲ್ಲ. ಬಾಕ್ಸನ್ನು ಪರಿಶೀಲಿಸಿ ಅಂದರೆ ಅಲ್ಲಿ ಗುರುತು ಹಾಕಬೇಕು ಅನ್ನುವುದೇ ತಿಳಿಯುವುದಿಲ್ಲ.

ಬೇರು ನೋಡಿದರೆ ದಾರಿ ಸಿಗುತ್ತೆ. ಇದು ಪಾರ್ಸಿಯ ‘ಶಾಹ್’, ಅಂದರೆ ರಾಜ. ಚದುರಂಗದಲ್ಲಿ ಎದುರಾಳಿಯ ರಾಜನಿಗೆ ಕುತ್ತು ತಂದಾಗ ‘ಶಾಹ್’ ಅನ್ನುತ್ತಿದ್ದರು. ಅರಬ್ಬಿ, ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಅದು ಇಂಗ್ಲಿಷಿಗೆ ಬಂತು. ಆ ಮಾತು ಕೇಳಿದ ಮೇಲೆ ಆಟಗಾರ ಬೇರೆಲ್ಲ ಬಿಟ್ಟು ಮೊದಲು ರಾಜನನ್ನು ಉಳಿಸಿಕೊಳ್ಳಬೇಕು ಅಲ್ವಾ, ಹಾಗಾಗಿ ‘ತಡೆ’ ಅನ್ನುವ ಅರ್ಥ ಹುಟ್ಟಿತು, ತಡೆಯಿಂದ ಹತೋಟಿ, ಹತೋಟಿಯಿಂದ ‘ಸರಿಯಿದೆಯಾ ನೋಡು’. ಬ್ಯಾಂಕಿನ ಚೆಕ್ ಕೂಡ ಇದೇ ಮನೆಯದು: ಮೋಸ ತಡೆಯಲು ಉಳಿಸಿಕೊಳ್ಳುತ್ತಿದ್ದ ಪ್ರತಿಗೆ ಇದ್ದ ಹೆಸರು ಕೊನೆಗೆ ಹಣದ ಚೀಟಿಗೇ ನಿಂತಿತು. ಚೌಕಳಿ ಬಟ್ಟೆಗೆ ಚೆಕ್ಸ್ ಅನ್ನುವುದು ಚದುರಂಗದ ಹಾಸಿನಿಂದ. ಬ್ರಿಟನ್ನಿನ ಖಜಾನೆಗೆ ‘ಎಕ್ಸ್‌ಚೆಕರ್’ ಅನ್ನುವುದೂ ಅಂಥದೇ ಚೌಕಳಿ ಬಟ್ಟೆ ಹಾಸಿದ ಲೆಕ್ಕದ ಮೇಜಿನಿಂದ.

ಹಾಗಾಗಿ ಒಂದೇ ಪದ ಹುಡುಕುವುದು ಸುಮ್ನೆ ದಂಡ. ಹೆಸರು ‘ಸರಿಯಿದೆಯೇ ನೋಡಿ’, ಬಾಕ್ಸಿಗೆ ‘ಗುರುತು ಹಾಕಿ’, ಖರ್ಚು ‘ಹತೋಟಿಯಲ್ಲಿಡಿ’. ಬ್ಯಾಂಕಿನದು ಚೆಕ್ಕಾಗಿಯೇ ಇರಲಿ.

ಎರವಲು ಬೇಡ, ‘ಹಣಚೀಟಿ’ ಅನ್ನಿ ಎಂದವರಿಗೆ: ಒಪ್ಪುವುದಿಲ್ಲ. ಹಣಚೀಟಿ ಅಂದರೆ ನೋಟು ಅಂತಲೂ ಆಗುತ್ತೆ. ‘ಚೆಕ್ ಮಾಡಿ’ ಅನ್ನುವ ಕಡೆ ‘ತಪಾಸಣೆ’ ಬಳಸಿ ಅಂದವರೂ ನೀವೇ, ಅದೂ ಮರಾಠಿ ಕಡೆಯಿಂದ ಬಂದ ಎರವಲೇ. ಚದುರಂಗವೇ ಸಂಸ್ಕೃತದ ಚತುರಂಗ, ನಮ್ಮ ನಾಲಿಗೆಗೆ ತಕ್ಕಂತೆ ಬಗ್ಗಿಸಿಕೊಂಡೆವು. ಈಗ ಚೆಕ್ಕು, ಚೆಕ್ಕಿಗೆ, ಚೆಕ್ಕಿನ ಅಂತ ಎಲ್ಲ ವಿಭಕ್ತಿಯೂ ಸಲೀಸಾಗಿ ಹತ್ತುತ್ತಿರುವಾಗ ಅದನ್ನು ಹೊರಗಿನದು ಅಂತ ತಳ್ಳುವುದು ಸರಿಯಲ್ಲ. ಮಾತಾಡುವವರು ಒಪ್ಪಿದ್ದಾರೆ, ನನಗೆ ಅದಕ್ಕಿಂತ ಜಾಸ್ತಿ ಆಧಾರ ಬೇಡ.

ಉಳಿದ ತೊಡಕು ತಲೆಬರಹದ ‘ಚೆಕ್‌ಲಿಸ್ಟ್’. ‘ತಾಳೆಪಟ್ಟಿ’ ಹೊಳೆಯಿತು, ಆದರೆ ಲೆಕ್ಕಶಾಸ್ತ್ರದವರು ಅದನ್ನು ಜಮಾ-ಖರ್ಚು ಸರಿಹೊಂದುತ್ತವೆಯೇ ಎಂದು ನೋಡುವ ಪಟ್ಟಿಗೆ, ಅಂದರೆ ಟ್ರಯಲ್ ಬ್ಯಾಲೆನ್ಸ್‌ಗೆ ಬಳಸುತ್ತಾರೆ. ‘ಗುರುತುಪಟ್ಟಿ’ ಅಂದರೆ ಅರ್ಥವಾಗುತ್ತದೆಯೇ? ಐದು ಗಂಟೆಯೊಳಗೆ ಹೇಳಿ.