ಹಜಾರ್ಡ್, ರಿಸ್ಕ್ ಎರಡಕ್ಕೂ ‘ಅಪಾಯ’ ಸಾಕೆ? ವಿಪತ್ತು ನಿರ್ವಹಣೆಯ ಪಾಠಕ್ಕೆ ಬೇಕಾದ ಪದಗಳು

ಮಾನ್ಯರೇ,

ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿ ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಅಧ್ಯಯನಕ್ಕೆ ಸೇರುವವರಿಗಾಗಿ ಒಂದು ಪರಿಚಯ ಪಾಠವನ್ನು ಬರೆಯುತ್ತಿದ್ದೇನೆ. ಆ ಶಾಸ್ತ್ರಕ್ಕೆ ಬುನಾದಿಯಾದ ವಾಕ್ಯವೇ ಕನ್ನಡದಲ್ಲಿ ನಿಲ್ಲುತ್ತಿಲ್ಲ. ವಿಶ್ವಸಂಸ್ಥೆಯ ವ್ಯಾಖ್ಯೆಯಂತೆ ರಿಸ್ಕ್ (ಹಾನಿಯಾಗುವ ಸಂಭವ) ಎಂಬುದು ಹಜಾರ್ಡ್ (ಹಾನಿ ಮಾಡಬಲ್ಲ ಘಟನೆ), ಎಕ್ಸ್‌ಪೋಶರ್ (ಜನ, ಆಸ್ತಿ ಅದರ ಹಾದಿಯಲ್ಲಿರುವುದು), ವಲ್ನರಬಿಲಿಟಿ (ಅದರಿಂದ ಸುಲಭವಾಗಿ ಹಾನಿಗೊಳ್ಳುವ ಸ್ಥಿತಿ), ಕೆಪಾಸಿಟಿ (ಅದನ್ನು ಎದುರಿಸುವ ಸಾಮರ್ಥ್ಯ) ಎಂಬ ನಾಲ್ಕರಿಂದ ನಿರ್ಧಾರವಾಗುತ್ತದೆ. ನಾವು ರಿಸ್ಕ್‌ಗೂ ಹಜಾರ್ಡ್‌ಗೂ ‘ಅಪಾಯ’ ಎಂದೇ ಬರೆಯುವುದರಿಂದ ಆ ವಾಕ್ಯವು “ಅಪಾಯವು ಅಪಾಯದಿಂದ ನಿರ್ಧಾರವಾಗುತ್ತದೆ” ಎಂದಾಗಿಬಿಡುತ್ತದೆ.

ಈ ಭೇದ ಬರಿಯ ಪರಿಭಾಷೆಯ ಚರ್ಚೆಯಲ್ಲ. 1999ರಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು; 2013ರಲ್ಲಿ ಅದೇ ಕರಾವಳಿಗೆ ಅತಿ ತೀವ್ರವಾದ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸುರಕ್ಷಿತ ಜಾಗಗಳಿಗೆ ಸಾಗಿಸಿದ್ದರಿಂದ ಸಾವು 50ನ್ನು ದಾಟಲಿಲ್ಲ. ಗಾಳಿ ಹಜಾರ್ಡ್, ಸಾವುನೋವಿನ ಸಂಭವ ರಿಸ್ಕ್. ಮೊದಲನೆಯದನ್ನು ತಡೆಯಲಾಗದಿದ್ದರೂ ಎರಡನೆಯದನ್ನು ತಗ್ಗಿಸಬಹುದು ಎಂಬುದನ್ನು ವಿದ್ಯಾರ್ಥಿ ಮೊದಲ ವಾರದಲ್ಲೇ ಕಲಿಯಬೇಕು. ‘ಪ್ರಕೃತಿ ವಿಕೋಪ’ ಎಂಬ ನಮ್ಮ ರೂಢಿಯ ಮಾತಾದರೋ ಎರಡನ್ನೂ ಪ್ರಕೃತಿಯ ಲೆಕ್ಕಕ್ಕೇ ಬರೆದುಬಿಡುತ್ತದೆ.

ಹಜಾರ್ಡ್‌ಗೆ ‘ಕುತ್ತು’, ರಿಸ್ಕ್‌ಗೆ ‘ಹಾನಿಸಂಭವ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ‘ಗಂಡಾಂತರ’ವನ್ನೂ ಯೋಚಿಸಿದೆ, ಆದರೆ ಅದಕ್ಕೆ ಜಾತಕದ ವಾಸನೆ ಅಂಟಿರುವುದರಿಂದ, ಮನುಷ್ಯಪ್ರಯತ್ನದಿಂದ ಕಡಿಮೆಯಾಗುವಂಥದ್ದು ಎಂಬ ಭಾವ ಬರುವುದಿಲ್ಲ. ವಲ್ನರಬಿಲಿಟಿಗೆ ಬಳಸುವ ‘ದುರ್ಬಲತೆ’ ನನಗೆ ಒಪ್ಪಿಗೆಯಿಲ್ಲ. ಹೊಳೆಯಂಚಿನಲ್ಲಿ ಗುಡಿಸಲು ಹಾಕಿಕೊಂಡವರಿಗೆ ಬೇರೆ ಕಡೆ ನೆಲ ಸಿಗದಿದ್ದುದು ಅವರ ದೌರ್ಬಲ್ಯವಲ್ಲ. ‘ಈಡಾಗುವಿಕೆ’ ಎನ್ನೋಣವೆಂದರೆ ಅದು ಎಕ್ಸ್‌ಪೋಶರ್‌ಗೆ ಹತ್ತಿರವಾಗುತ್ತದೆ.

ಜನರ ಮಾತಿನಲ್ಲಿ ಇದಕ್ಕಿಂತ ನಿಖರವಾದ ಪದಗಳಿರಬಹುದೆಂದು ನಂಬುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಲ್ಲವನ್ನೂ ‘ಭೂಕುಸಿತ’ ಎಂದೇ ಕರೆದದ್ದುಂಟು. ಆದರೆ ರಸ್ತೆಗೋ ಮನೆಗೋ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ ಬಿದ್ದರೆ ಅಲ್ಲಿಯವರು ‘ಬರೆ ಕುಸಿಯಿತು’ ಎನ್ನುತ್ತಾರೆ. ಮಳೆಯ ಜೊತೆಗೆ ಗುದ್ದಲಿಯ, ಯಂತ್ರದ ಪಾಲೂ ಇದೆ ಎಂಬುದು ಆ ಒಂದೇ ಪದದಲ್ಲಿ ದಾಖಲಾಗಿದೆ. ಇಂಥ ಪದಗಳು ಪಾಠಕ್ಕೆ ಬರಬೇಕು.

ಇನ್ನೊಂದು ತೊಡಕು ಎಮರ್ಜೆನ್ಸಿ ಮ್ಯಾನೇಜ್‌ಮೆಂಟ್‌ನದು. ‘ತುರ್ತು ನಿರ್ವಹಣೆ’ ಎಂದರೆ ಅವಸರದಲ್ಲಿ ಮಾಡುವ ನಿರ್ವಹಣೆ ಎಂಬ ಅರ್ಥವೂ ಹೊರಡುತ್ತದೆ. ‘ತುರ್ತು ಪರಿಸ್ಥಿತಿ’ ಎಂದೊಡನೆ ಓದುಗರ ಮನಸ್ಸು 1975ಕ್ಕೆ ಹೋಗುತ್ತದೆ. 2005ರ ಕಾಯ್ದೆಯಿಂದ ‘ವಿಪತ್ತು ನಿರ್ವಹಣೆ’ ನೆಲೆಯೂರಿದೆ, ಅದನ್ನು ಬದಲಿಸುವ ಉದ್ದೇಶ ನನಗಿಲ್ಲ.

‘ಕುತ್ತು’ ಎಂಬುದನ್ನು ಭೂಕಂಪ, ಪ್ರವಾಹ, ಅನಿಲ ಸೋರಿಕೆ ಮೂರಕ್ಕೂ ಅನ್ವಯಿಸಬಹುದೇ? ವಲ್ನರಬಿಲಿಟಿಗೆ ದೋಷಾರೋಪವಿಲ್ಲದ ಪದ ಯಾವುದು? ಕರಾವಳಿಯ ಮತ್ತು ಕೃಷ್ಣಾ, ಭೀಮಾ ತೀರದ ಸದಸ್ಯರು ತಮ್ಮ ಊರಿನ ಬಳಕೆಯನ್ನು ಉದಾಹರಣೆಯ ವಾಕ್ಯದೊಂದಿಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.