ಬಂಗಾಳಿ ರೊಮ್ಯಾಂಟಿಕ್ ಕಾಮಿಡಿಗೆ ಕನ್ನಡ ಸಬ್‌ಟೈಟಲ್: ಹಾಸನದ ಪ್ರದರ್ಶನಕ್ಕೆ ಸಲಹೆ ಬೇಕು

ಹೇಮಾವತಿ ದಂಡೆ (ಹಾಸನ)

ಮುಂದಿನ ತಿಂಗಳು ನಮ್ಮ ಚಿತ್ರಗೋಷ್ಠಿಯಲ್ಲಿ ಒಂದು ಬಂಗಾಳಿ ಸಿನಿಮಾ ಹಾಕ್ತಿದ್ದೀವಿ. ಕತೆ ನಡೆಯೋದು ಲಂಡನ್ನಿನಲ್ಲಿ. ಕೋಲ್ಕತ್ತದ ಹುಡುಗ, ಢಾಕಾದ ಹುಡುಗಿ, ಇಬ್ಬರಿಗೂ ಎಣ್ಣೆ-ಸೀಗೇಕಾಯಿ. ಬಾಡಿಗೆ ಉಳಿಸೋಕೆ ಒಂದೇ ಫ್ಲ್ಯಾಟಿನಲ್ಲಿ ಇರಬೇಕಾಗುತ್ತೆ. ಹಕ್ಕುದಾರರ ಲಿಖಿತ ಒಪ್ಪಿಗೆ ಬಂದಿದೆ, ಕನ್ನಡ ಸಬ್‌ಟೈಟಲ್‌ಗೂ ಸೇರಿಸಿ. ಕೈಯಲ್ಲಿರೋದು ಸಿನಿಮಾದ ಎಂಪಿ4 ಫೈಲ್ ಮತ್ತು ಇಂಗ್ಲಿಷ್ ಎಸ್‌ಆರ್‌ಟಿ, ಅಂದ್ರೆ ಸಾಲುಗಳೂ ಅವು ಬರೋ ಸಮಯವೂ ಇರೋ ಸಬ್‌ಟೈಟಲ್ ಫೈಲ್.

ತೊಂದರೆ ಏನಂದ್ರೆ, ಸಬ್‌ಟೈಟಲ್ ಶುರುವಿನಲ್ಲಿ ಸರಿಯಾಗಿದ್ದು ಒಂದು ಗಂಟೆ ಹೊತ್ತಿಗೆ ಎರಡೂವರೆ ನಿಮಿಷ ತಡವಾಗಿ ಬರ್ತಿದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸಿದ ಕನ್ನಡ ಪರದೆ ಮೇಲೆ ಚಿತ್ರವಿಚಿತ್ರ ಚಿಹ್ನೆ ಆಗ್ತಿದೆ. ಇದಕ್ಕಿಂತ ದೊಡ್ಡದು: ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಸಾಲುಗಳಲ್ಲಿ ನಗುವೇ ಬರ್ತಿಲ್ಲ. ಎಲ್ಲಿ ಕೈಕೊಡ್ತಿದೆ?

ಕೋಟೆ ಬೀದಿ (ಹಾಸನ)

ಮೊದಲೆರಡಕ್ಕೆ ಉತ್ತರ ಸುಲಭ. ಎಸ್‌ಆರ್‌ಟಿ ಸೆಕೆಂಡಿಗೆ 24 ಫ್ರೇಮ್‌ನ ಪ್ರತಿಗೆ ಮಾಡಿದ್ದು, ನಿಮ್ಮ ಎಂಪಿ4 ಓಡ್ತಿರೋದು 25ರಲ್ಲಿ. 60 ನಿಮಿಷಕ್ಕೆ ಬರಬೇಕಾದ ಸಾಲು ಆಗ ಸರಿಯಾಗಿ 62 ನಿಮಿಷ 30 ಸೆಕೆಂಡಿಗೆ ಬರುತ್ತೆ. ಫೈಲಿನ ವಿವರ ತೋರಿಸೋ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ವಿಡಿಯೋದ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಖಚಿತ ಮಾಡ್ಕೊಳ್ಳಿ. ಆಮೇಲೆ ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆಗೆ ಹೋಗಿ 24ರಿಂದ 25 ಕೊಡಿ, ಎಲ್ಲ ಸಮಯವೂ 0.96ರಿಂದ ಗುಣಿಸಿಕೊಂಡು ಕೂರುತ್ತೆ. ವಿಡಿಯೋ ಓಡಿಸೋ ವಿಎಲ್‌ಸಿಯಲ್ಲಿ ‘ಜಿ’, ‘ಎಚ್’ ಕೀಲಿ ಒತ್ತಿ ಸರಿಮಾಡ್ತೀನಿ ಅಂದ್ಕೋಬೇಡಿ. ಅದು ಎಲ್ಲ ಸಾಲನ್ನೂ ಒಂದೇ ಅಳತೆಗೆ ಸರಿಸುತ್ತೆ, ಹೆಚ್ಚುತ್ತಾ ಹೋಗೋ ವ್ಯತ್ಯಾಸಕ್ಕೆ ಮದ್ದಲ್ಲ. ಒಂದು ಹಾಡಾದ ಮೇಲೆ ಇದ್ದಕ್ಕಿದ್ದಂತೆ ತಪ್ಪಿದ್ರೆ ಮಾತ್ರ ಕಾರಣ ಬೇರೆ: ನಿಮ್ಮ ಪ್ರತಿಯಲ್ಲಿ ಹಾಡಿಗೆ ಕತ್ತರಿ ಬಿದ್ದಿದೆ. ಆಗ ಅಲ್ಲಿಂದ ಮುಂದಿನ ಸಾಲುಗಳನ್ನಷ್ಟೇ ಸರಿಸಿ.

ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರಸಂಕೇತ) ಅಲ್ಲ, ಆ ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ. ಫೈಲ್ ಉಳಿಸುವಾಗ ಎನ್‌ಕೋಡಿಂಗ್ ಕಡೆ ಯುಟಿಎಫ್-8 ಅನ್ನೋ ಯೂನಿಕೋಡ್ ರೂಪ ಆರಿಸಿ. ಫಾಂಟ್ ನೋಟೋ ಸಾನ್ಸ್ ಕನ್ನಡ ಸಾಕು, 1080 ಪಿಕ್ಸೆಲ್ ಎತ್ತರದ ಚಿತ್ರಕ್ಕೆ ಅಕ್ಷರದ ಗಾತ್ರ 54ರಿಂದ 60 ಪಿಕ್ಸೆಲ್. ಎರಡು ಸಾಲಿನ ನಡುವೆ ಅಂತರ ಕಮ್ಮಿಯಾದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ‘ಸ್ತ್ರೀ’, ‘ರಾಷ್ಟ್ರ’ ಥರದ ಪದ ಹಾಕಿ ನೋಡಿ, ಗೊತ್ತಾಗುತ್ತೆ. ಸಾಲಿಗೆ 30-32 ಅಕ್ಷರ ಮೀರಬೇಡಿ. ತಂತ್ರಾಂಶದ ಎಣಿಕೆ ನಂಬಬೇಡಿ, ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯೂನಿಕೋಡ್‌ನಲ್ಲಿ 6 ಸಂಕೇತ.

ಎಲ್ಲ ಮುಗಿದ ಮೇಲೆ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಪರಿವರ್ತಕ ತಂತ್ರಾಂಶದಲ್ಲಿ ಅಕ್ಷರಗಳನ್ನು ಚಿತ್ರಕ್ಕೇ ಅಚ್ಚು ಹಾಕಿಬಿಡಿ. ಹಾಲ್‌ನ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಫಾಂಟ್ ಇದೆಯೋ ಇಲ್ಲವೋ ಅನ್ನೋ ತಲೆನೋವೇ ಇರಲ್ಲ.

ದೋಸ್ತಿ ದಾದಾ (ಚಿಕ್ಕಮಗಳೂರು)

ಮೂರನೇದಕ್ಕೆ ಬರ್ತೀನಿ. ಇಂಗ್ಲಿಷ್ ಎಸ್‌ಆರ್‌ಟಿಯಿಂದ ಸಮಯ ಮಾತ್ರ ತಗೊಳ್ಳಿ, ಮಾತು ಬಂಗಾಳಿ ಬಲ್ಲವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿ ಬರೀರಿ. ಬಂಗಾಳಿ ವಾಕ್ಯ ನಮ್ಮದರ ಹಾಗೇ ಕ್ರಿಯಾಪದದಲ್ಲಿ ಮುಗಿಯುತ್ತೆ, ‘ನಾ’ ಅನ್ನೋ ನಿಷೇಧ ಅದರಾಚೆ ಕೊನೆಗೆ ಬರುತ್ತೆ. ಹುಡುಗಿ ‘ಆಮಿ ತೊಮಾಕೆ ಭಾಲೊಬಾಶಿ’ ಅಂದು ಒಂದು ಕ್ಷಣ ತಡೆದು ‘ನಾ’ ಅಂದ್ಲು ಅಂತಿಟ್ಕೊಳ್ಳಿ. ಇಂಗ್ಲಿಷಿನಲ್ಲಿ ಆ ‘ಇಲ್ಲ’ ಮೊದಲೇ ಬಂದು ಗುಟ್ಟು ರಟ್ಟು. ಕನ್ನಡದಲ್ಲಿ ಹಾಗಾಗ್ಬೇಕಿಲ್ಲ:

ನೀನಂದ್ರೆ ನಂಗೆ ಇಷ್ಟ…
(ಮುಂದಿನ ಚೌಕಟ್ಟು) …ಇಲ್ಲ.

ಎರಡನೇದು ಬರಬೇಕಾದ್ದು ಅವಳ ತುಟಿ ಅಲುಗಾಡಿದ ಮೇಲೆ. ಸಬ್‌ಟೈಟಲ್ ಮುಂದೋಡಿದ್ರೆ ಹಾಲ್ ನಟಿಗಿಂತ ಮೊದಲೇ ನಕ್ಕುಬಿಡುತ್ತೆ, ಆಮೇಲೆ ಅವಳ ಮುಖ ನೋಡೋರಿಲ್ಲ.

ಮಧ್ಯಮಪುರುಷದಲ್ಲಿ ಅವರಿಗೆ ಮೂರು ಮೆಟ್ಟಿಲು: ಆಪನಿ, ತುಮಿ, ತುಯಿ. ಜಗಳದಿಂದ ಪ್ರೀತಿಗೆ ಬಂದಿದ್ದು ಎಷ್ಟೋ ಸಲ ಇಷ್ಟರಲ್ಲೇ ತಿಳಿಯುತ್ತೆ, ಇಂಗ್ಲಿಷ್ ಅದನ್ನ ಪೂರ್ತಿ ನುಂಗಿರುತ್ತೆ. ಆಪನಿಗೆ ‘ನೀವು, ರೀ’, ತುಮಿಗೆ ಬರೀ ‘ನೀನು’, ತುಯಿಗೆ ‘ನೀನು’ ಜೊತೆ ‘ಕಣೋ, ಕಣೇ’. ಕೆಲಸ ಶುರುಮಾಡೋ ಮೊದಲು ಒಂದು ಹಾಳೆಯಲ್ಲಿ ಯಾರು ಯಾರಿಗೆ ಏನಂತಾರೆ, ಯಾವ ದೃಶ್ಯದಲ್ಲಿ ಬದಲಾಯ್ತು ಅಂತ ಬರ್ಕೊಳ್ಳಿ. ಇಬ್ಬರು ಹಂಚಿಕೊಂಡು ಅನುವಾದ ಮಾಡೋ ಕಡೆ ಕೆಡೋದೇ ಇಲ್ಲಿ, ಒಂದು ದೃಶ್ಯದ ‘ನೀನು’ ಮುಂದಿನದರಲ್ಲಿ ‘ನೀವು’ ಆಗಿರುತ್ತೆ.

ಇನ್ನೊಂದು ಗುಂಡಿ: ಬಂಗಾಳಿಯ ‘ಓ’ಗೆ ಅವನು, ಅವಳು ಭೇದ ಇಲ್ಲ, ಕ್ರಿಯಾಪದಕ್ಕೂ ಇಲ್ಲ. ಯಾರ ಬಗ್ಗೆ ಮಾತು ಅಂತ ಗೊತ್ತಾಗದೆ ಆಗೋ ಗಲಿಬಿಲಿಯೇ ತಮಾಷೆ ಆಗಿದ್ರೆ ‘ಬರ್ತಾನೆ’ ಅಂದ ಕೂಡಲೇ ಮುಗೀತು. ‘ಅವರು’ ಅಂದ್ರೆ ಸ್ನೇಹಿತರ ನಡುವೆ ಬಿಗಿ. ‘ಆ ಪಾರ್ಟಿ ಇವತ್ತೂ ಬರುತ್ತಂತೆ’ ಅನ್ನಿ, ಕೆಲಸ ಆಗುತ್ತೆ.

ಒಬ್ಬನಿಗೇ ಎರಡು ಹೆಸರಿರುತ್ತೆ, ಮನೆಯಲ್ಲಿ ಡಾಕ್‌ನಾಮ್, ಹೊರಗೆ ಭಾಲೋನಾಮ್. ಹೊಸಬರು ಇವನ್ಯಾರಪ್ಪ ಅಂತ ತಲೆಕೆಡಿಸ್ಕೊಳ್ತಾರೆ. ಉದ್ದಕ್ಕೂ ಒಂದೇ ಹೆಸರು ಬಳಸಿ; ಮನೆಯ ಹೆಸರೇ ನಗೆಗೆ ಕಾರಣವಾದ ಕಡೆ ಮಾತ್ರ ಅದನ್ನ ಹಾಕಿ.

ಹೇಮಾವತಿ ದಂಡೆ (ಹಾಸನ)

ತುಂಬ ಉಪಕಾರ ಸರ್. 24-25 ಮಾಡಿ ನೋಡಿದೆ, ಸರಿಹೋಯ್ತು. ಇನ್ನೊಂದು ಯೋಚನೆ: ಢಾಕಾದ ಹುಡುಗಿಯ ಮಾತಿಗೆ ಮಂಗಳೂರು ಕನ್ನಡ, ಹುಡುಗನಿಗೆ ನಮ್ಮ ಹಾಸನದ್ದು ಕೊಟ್ರೆ? ಇಬ್ಬರ ಭಾಷೆ ಬೇರೆ ಅನ್ನೋದು ಕಾಣಬೇಕಲ್ಲ.

ದೋಸ್ತಿ ದಾದಾ (ಚಿಕ್ಕಮಗಳೂರು)

ಬೇಡ ಮಾರಾಯ್ರೆ. ಜನ ಮಂಗಳೂರು ಕನ್ನಡಕ್ಕೆ ನಗ್ತಾರೆ, ಅವಳ ಮಾತಿಗಲ್ಲ. ಓದೋಕೂ ನಿಧಾನ. ವ್ಯತ್ಯಾಸ ಅವರ ಮಾತಿನಲ್ಲೇ ಇದೆ: ಅವನು ನೀರಿಗೆ ‘ಜಲ’ ಅಂದ್ರೆ ಅವಳು ‘ಪಾನಿ’ ಅಂತಾಳೆ, ಅವನ ಮನೆಯಲ್ಲಿ ‘ದೀದಿ’, ಅವಳ ಮನೆಯಲ್ಲಿ ‘ಆಪಾ’. ಇವನ್ನ ಹಾಗೇ ಬಿಡಿ, ಎಲ್ಲವನ್ನೂ ನೀರು, ಅಕ್ಕ ಮಾಡಿದ್ರೆ ಇಬ್ಬರೂ ಒಂದೇ ಬೀದಿಯವರಾಗ್ತಾರೆ.

ಊಟದ ದೃಶ್ಯದಲ್ಲಿ ಇಲಿಶ್ ಮೀನನ್ನ ಬಂಗುಡೆ ಮಾಡೋಕೂ ಹೋಗ್ಬೇಡಿ, ತಟ್ಟೆಯಲ್ಲಿ ಕಾಣ್ತಿರುತ್ತೆ. ಪೂರ್ವ ಬಂಗಾಳ ಮೂಲದವರು ಬಾಂಗಾಲ್, ಪಶ್ಚಿಮದವರು ಘೋಟಿ. ಬಾಂಗಾಲರಿಗೆ ಇಷ್ಟ ಇಲಿಶ್ ಮತ್ತು 1920ರ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ಬು, ಘೋಟಿಗಳಿಗೆ ಸೀಗಡಿ ಮತ್ತು 1889ರ ಮೋಹನ್ ಬಗಾನ್ ಕ್ಲಬ್ಬು. ಇಂಥದ್ದನ್ನ ಪರದೆಗೆ ತುರುಕದೆ ಬಾಗಿಲಲ್ಲಿ ಕೊಡೋ ಚೀಟಿಯಲ್ಲಿ ನಾಲ್ಕು ಸಾಲು ಬರೀರಿ.

ಮುಳ್ಳಯ್ಯನಗಿರಿ ಮಂಜು (ಚಿಕ್ಕಮಗಳೂರು)

ಹಾಲ್ ಬಗ್ಗೆ ಯಾರೂ ಹೇಳ್ಲಿಲ್ಲ. ಎಂಪಿ4ನಲ್ಲಿ 5.1 ಧ್ವನಿ (ಆರು ಚಾನೆಲ್‌ಗೆ ಹಂಚಿದ್ದು) ಮಾತ್ರ ಇದ್ರೆ ಎರಡು ಸ್ಪೀಕರ್‌ನಲ್ಲಿ ಸಂಗೀತ ಜೋರು, ಮಾತು ಪಿಸುಪಿಸು ಆಗಬಹುದು, ಯಾಕಂದ್ರೆ ಸಂಭಾಷಣೆ ಇರೋದು ನಡುವಿನ ಚಾನೆಲ್‌ನಲ್ಲಿ. ಹಕ್ಕುದಾರರ ಹತ್ರ ಸ್ಟೀರಿಯೋ (ಎರಡು ಚಾನೆಲ್) ಟ್ರ್ಯಾಕ್ ಇರೋ ಪ್ರತಿ ಕೇಳಿ.

ನೆಲ ಸಮತಟ್ಟಾಗಿದ್ರೆ ಪರದೆಯ ಕೆಳ ಅಂಚು ನೆಲದಿಂದ 5 ಅಡಿ ಮೇಲಿರಲಿ, ಇಲ್ಲಾಂದ್ರೆ ಹಿಂದಿನವರಿಗೆ ಸಬ್‌ಟೈಟಲ್ ಬದಲು ಮುಂದಿನವರ ತಲೆ ಕಾಣುತ್ತೆ. ಶೀಟಿನ ಹಾಲ್ ಆದ್ರೆ ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಮಾತು ಕೇಳಲ್ಲ, ಆಗ ಹಾಡಿನ ಸಾಲಿಗೂ ಸಬ್‌ಟೈಟಲ್ ಬೇಕಾಗುತ್ತೆ. ಪ್ರೊಜೆಕ್ಟರ್‌ಗೆ ಯುಪಿಎಸ್ ಇರಲೇಬೇಕು. ಲ್ಯಾಂಪ್ ಇರೋ ಪ್ರೊಜೆಕ್ಟರ್ ಕರೆಂಟ್ ಹೋಗಿ ಆರಿದ್ರೆ ಲ್ಯಾಂಪ್ ತಣ್ಣಗಾಗೋ ತನಕ ಮತ್ತೆ ಹತ್ತಲ್ಲ. ಪ್ರದರ್ಶನದ ಹಿಂದಿನ ಸಂಜೆ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್ ಹಾಕಿ ಕೊನೆಯ ಹತ್ತು ನಿಮಿಷ ಓಡಿಸಿ ನೋಡಿ. ಸಬ್‌ಟೈಟಲ್ ಸಮಯ ತಪ್ಪಿದ್ರೆ ಎದ್ದು ಕಾಣೋದು ಅಲ್ಲೇ.